ಸೈಂಧವ ನಡೀತದ

ರಾಧಾಬಾಯಿಯ ಕೈರುಚಿಗೆ ಸದಾಶಿವ ಪೇಟೆಯ, ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಸರಿಸಾಟಿ ಇರಲಿಲ್ಲ. ಧಾರವಾಡದ ಹೆಣ್ಣುಮಗಳು; ಪುಣೆಯ ಹೆಂಗಸರೇ ಬಟ್ಟಲು ಹಿಡಿದು ಅವಳ ಸಾರಿಗೆ ಬರುತ್ತಿದ್ದರು. ಅವಳಿಗೆ ಅದರ ಜಂಬವೂ ಇತ್ತು. ಇರಲಿ ಬಿಡಿ, ಇರಬೇಕಾದ್ದೇ.

ಗಂಡ ಪ್ರಲ್ಹಾದರಾಯರು ಶಾಲೆಯಲ್ಲಿ ಭೂಗೋಳದ ಮಾಸ್ತರು. ಎರಡನೆಯ ಮಹಾಯುದ್ಧದ ಕಾಲ. ಒಂದು ಬೆಳಿಗ್ಗೆ ಪರ್ವತಿ ಗುಡ್ಡದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದರು. ಜೀವ ಉಳಿಯಿತು, ಎದೆ ಮಾತ್ರ ಮೊದಲಿನಂತಾಗಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಪಾದ ಊದತೊಡಗಿದವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬಿಗೆ ಒರಗಿ ಕೂತೇ ನಿದ್ದೆ. ಡಾಕ್ಟರು ಮರಾಠಿಯಲ್ಲಿ ಕಡ್ಡಿ ಮುರಿದಂತೆ ಹೇಳಿದರು: ಉಪ್ಪು ಬಂದ್. ಸೋತ ಹೃದಯದವರ ಮೈಯಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತದಂತೆ.

ಉಪ್ಪಿಲ್ಲದ ಸಾರನ್ನು ರಾಯರು ಎರಡು ತುತ್ತಿಗೇ ಸರಿಸಿಬಿಡುತ್ತಿದ್ದರು. ಮೈ ಸೊರಗಿತು. ರಾಧಾಬಾಯಿ ಒಲೆಯ ಮುಂದೆ ಕೂತು ಅತ್ತಳು. ಅಂಥದರಲ್ಲಿ ಏಕಾದಶಿ ಬಂತು. ಆ ದಿನ ಉಪ್ಪು ವರ್ಜ್ಯ, ಸೈಂಧವದ ಕಲ್ಲು ಮಾತ್ರ ನಡೆಯುತ್ತದೆ. ಆ ಕಲ್ಲನ್ನು ಕುಟ್ಟಿ ಹಾಕಿದ ಸಾಬುದಾಣಿ ಖಿಚಡಿಯನ್ನು ರಾಯರು ಕೇಳಿ ಹಾಕಿಸಿಕೊಂಡು ತಿಂದರು. ರಾಧಾಬಾಯಿಗೆ ದಾರಿ ಸಿಕ್ಕಿತು. ಉಪವಾಸಕ್ಕೇ ನಡೆಯುವಂಥದ್ದು ಉಪ್ಪು ಹೇಗಾದೀತು? ಮರುದಿನದಿಂದ ಸಾರಿಗೂ ಅದೇ, ಪಲ್ಯಕ್ಕೂ ಅದೇ.

ಪಾದದ ಬಾವು ಮೊಣಕಾಲಿಗೆ ಏರಿತು. ಡಾಕ್ಟರು ಕೇಳಿದಾಗಲೆಲ್ಲ ಉಪ್ಪಿನ ಭರಣಿ ಮುಟ್ಟಿಲ್ಲವೆಂದು ದೇವರಾಣೆ ಇಟ್ಟಳು. ಸುಳ್ಳೇನಲ್ಲವಲ್ಲ! ಆದರೂ ಅವರ ಬೂಟಿನ ಸಪ್ಪಳ ಕೇಳಿದರೆ ಕುಟ್ಟಾಣಿಯನ್ನು ಕಟ್ಟಿಗೆಯ ಹಿಂದೆ ಸರಿಸುತ್ತಿದ್ದಳು. ಯಾಕೆ ಸರಿಸುತ್ತೇನೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಒಂದು ದಿನ ಡಾಕ್ಟರು ಹೇಳದೆ ಕೇಳದೆ ಬಂದರು. ಕುಟ್ಟಾಣಿಯ ಪುಡಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟರು. “ಬಾಯಿ, ಹೇ ಮೀಠಚ್ ಆಹೇ” ಎಂದರು. ಇದೂ ಉಪ್ಪೇ.

ಅವರು ಹೋದ ಮೇಲೆ ಅವಳು ಗಂಡನ ಊದಿದ ಕಾಲು ಹಿಡಿದುಕೊಂಡಳು. “ನನ್ನ ಕೈಯ್ಯಾರೆ ನಿಮಗ ವಿಷಾ ಹಾಕಿದೆರೀ.”

“ಹುಚ್ಚಿ,” ಎಂದರು ರಾಯರು ಏದುಸಿರಿನಲ್ಲಿ. “ಪಂಜಾಬದಾಗ ಸೈಂಧವದ ಗಣಿ ಅದಾವಂತ ಪ್ರತಿ ವರ್ಷಾ ಹುಡುಗರಿಗೆ ಕಲಿಸಿದಾಂವ ನಾ. ಅದು ಉಪ್ಪು ಅಂತ ನನಗ ಗೊತ್ತಿರಲಿಲ್ಲೇನು? ನಿನ್ನ ಸಾರಿನ ರುಚಿಗೆ ಆಶಾಪಟ್ಟು ಸುಮ್ಮನಿದ್ದೆ.”

ಇದನ್ನು ಕೇಳಿ ಅವಳ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ರಾಯರು ತೀರಿಕೊಂಡರು. ಎದೆ ಮೊದಲೇ ಸವೆದಿತ್ತು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು.

ಸೂತಕದ ಮನೆಯಲ್ಲಿ ಉಪ್ಪಿಲ್ಲದ ಊಟ. ಅತ್ತಿಗೆ ಸಪ್ಪೆ ಅನ್ನವನ್ನು ಎಲೆಯಲ್ಲೇ ಸರಿಸಾಡುವುದನ್ನು ಕಂಡು ನಾದಿನಿ ನರ್ಮದಾ ಮರುಗಿದಳು. ಅಡಿಗೆಮನೆಗೆ ಹೋಗಿ ಒಂದು ಚಿಟಿಕೆ ಪುಡಿ ತಂದಳು.

“ಹಾಕ್ಕೋರಿ ವೈನಿ. ಸೂತಕಕ್ಕ ಸೈಂಧವ ನಡೀತದ. ಅದೇನು ಉಪ್ಪಲ್ಲ.”

ರಾಧಾಬಾಯಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು.

“ಅದು ಉಪ್ಪಽ ಅದ, ನರ್ಮದಾ. ನನಗೂ ಗೊತ್ತಿತ್ತು.”