ಹಾಜರಿ ಕರೆದು ಕೇಳಿದ ಜ್ವರ

ಕಳೆದ ತಿಂಗಳು ಗೋಣಿಬೀಡು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಇಪ್ಪತ್ತೇ ನಿಮಿಷದಲ್ಲಿ ಜ್ವರವನ್ನು ನಿರ್ಮೂಲನೆ ಮಾಡಿದೆ. ಒಂದು ಪೆನ್ನು, ಒಂದು ಫಾರಂ. ಅಷ್ಟೇ.

ನಮ್ಮೂರಿನ ಆಶಾ ಕಾರ್ಯಕರ್ತೆ ಶಾರದಕ್ಕನಿಗೆ ಸರ್ವೇ ಮಾಡಲು ಜನ ಬೇಕಿತ್ತು. ಯಾರಿಗೆ ಜ್ವರ ಇದೆ, ಫ್ಲೂ ಲಸಿಕೆ ಯಾರು ಹಾಕಿಸಿಕೊಂಡಿಲ್ಲ, ಯಾಕೆ? "ಆಳುಗಳ ಲೈನ್ ಮನೆ ಒಂದೊಂದಕ್ಕೂ ಹೋಗಿ ಕೇಳು ಮಾರಾಯ" ಎಂದಿದ್ದರು.

ಒಂದೊಂದಕ್ಕೂ? ಗುಡ್ಡದ ಆ ಏರು ಹತ್ತಿ? (ನನ್ನ ಮೆದುಳು ಕೆಲಸ ಮಾಡುವುದೇ ಕಾಲು ಉಳಿಸಲು.) ಬೆಳಿಗ್ಗೆ ಹಾಜರಿಗೆ ಆಳುಗಳೆಲ್ಲ ಸಾಲಾಗಿ ನಿಲ್ಲುತ್ತಾರಲ್ಲ, ನೇರ ಅಲ್ಲಿಗೇ ಹೋದೆ. ಕೆಲಸ ಮಾಡಿಸುವ ಮೇಸ್ತ್ರಿ ಒಂದೊಂದೇ ಹೆಸರು ಕೂಗಿದ. ನಾನು ಕೇಳಿದೆ, "ಜ್ವರ ಇದ್ಯಾ?"

"ಇಲ್ಲ."

"ಇಲ್ಲ."

"ಇಲ್ಲ."

ಇಡೀ ಎಸ್ಟೇಟಿಗೇ ಇಲ್ಲ! ತಿಂಡಿಗೆ ಮೊದಲೇ ಸರ್ವೇ ಫಿನಿಶ್.

ಫಾರಂ ನೋಡಿದ ಶಾರದಕ್ಕ ಹೊಗಳಲಿಲ್ಲ.

"ಕೇಳುವಾಗ ಮೇಸ್ತ್ರಿ ಎಲ್ಲಿದ್ದ?"

"ಪಕ್ಕದಲ್ಲೇ ಅಕ್ಕಾ. ತುಂಬಾ ಹೆಲ್ಪ್ ಮಾಡಿದ."

"ಎಂಥ ಮಂಕು ಮಾರಾಯ ನೀನು! ಜ್ವರ ಅಂದ್ರೆ ಅವತ್ತಿನ ಹಾಜರಿ ಇಲ್ಲ, ಕೂಲಿನೂ ಇಲ್ಲ. ಹಣ್ಣು ಕುಯ್ಲಿನ ಟೈಮಲ್ಲಿ ಅವನ ಎದ್ರಿಗೆ ಯಾರು ಹೂಂ ಅಂತಾರೆ?" ಅವರ ಬೆರಳು ಒಂದು ಹೆಸರಿನ ಮೇಲೆ ನಿಂತಿತು. "ಮಂಜುಳಾ. ಏಳು ತಿಂಗಳ ಬಸುರಿ. ನೋಡೋಕೆ ಹೇಗಿದ್ಲು?"

ಶಾಲು ಹೊದ್ದಿದ್ದಳು. ಕಣ್ಣು ಕೆಂಪಗಿತ್ತು. ಚಳಿಗಿರಬೇಕು ಎಂದುಕೊಂಡು 'ಇಲ್ಲ' ಎಂದು ನೀಟಾಗಿ ಬರೆದಿದ್ದೆ.

ಅಕ್ಕ ಚಪ್ಪಲಿಯನ್ನೂ ಹಾಕದೆ ತೋಟಕ್ಕೆ ಓಡಿದರು. ಹಿಂದೆ ನಾನು. ಕಾಫಿ ಗಿಡಗಳ ನಡುವೆ ಕೂತವರು ಕಾಣುವುದಿಲ್ಲ. "ಮಂಜುಳಾ!" ಉತ್ತರವಿಲ್ಲ. ಮತ್ತೆ ಕೂಗಿದೆವು. ಇಲ್ಲ. (ಅಷ್ಟು ಹೊತ್ತಿಗೆ ನನ್ನ ಜೋಕುಗಳೆಲ್ಲ ಖಾಲಿ.)

ಸಾಲಿನ ತುದಿಯಲ್ಲಿ ಹಣ್ಣಿನ ಚೀಲಕ್ಕೆ ಒರಗಿ ಕೂತಿದ್ದಳು. ಮೈ ಕೆಂಡ. ಒಂದು ಮಾತಿಗೆ ಮೂರು ಸಲ ಉಸಿರು.

"ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ನೀವೆಲ್ಲಿ... ನನ್ನ ಕೇಳಿದ್ರಿ? ಮೇಸ್ತ್ರಿ ಜೊತೆ... ಸೇರ್ಕೊಂಡು ಕೇಳಿದ್ರಿ."

ಜೀಪಿನಲ್ಲಿ ಮೂಡಿಗೆರೆಗೆ ಒಯ್ದೆವು. ಆಕ್ಸಿಜನ್ ಹಾಕಿದರು. ಮಗುವಿನ ಎದೆಬಡಿತ ಸಿಗುವವರೆಗೂ ಶಾರದಕ್ಕ ನನ್ನ ಮುಖ ನೋಡಲಿಲ್ಲ. ಸಿಕ್ಕಿತು. "ಇನ್ನೊಂದು ದಿನ ಬಿಟ್ಟು ಬಂದಿದ್ರೆ..." ಎಂದರು ಡಾಕ್ಟರು.

ಭಾನುವಾರ ಒಬ್ಬನೇ ಆ ಏರು ಹತ್ತಿದೆ. ಒಂದೊಂದು ಮನೆಯೊಳಗೂ ಕೂತು, ಕೊಟ್ಟ ಕಾಫಿ ಕುಡಿದು, ನಿಧಾನಕ್ಕೆ ಕೇಳಿದೆ. ನಾನು ನಿರ್ಮೂಲನೆ ಮಾಡಿದ್ದ ಜ್ವರವೆಲ್ಲ ಒಂದೊಂದೇ ಬಾಗಿಲಿನಿಂದ ಹೊರಬಂತು.

ಲಸಿಕೆ ಯಾಕೆ ಹಾಕಿಸಿಲ್ಲ? ಸೂಜಿಗೆ ಹೆದರುವವರು ಅಲ್ಲಿ ನಾನೊಬ್ಬನೇ. ಒಬ್ಬ ಅಜ್ಜಿ ಬಿಡಿಸಿ ಹೇಳಿದರು: "ಸೂಜಿ ಹಾಕಿದ್ರೆ ಮೈ ಬೆಚ್ಚಗಾಗುತ್ತಲ್ಲ ಮಗಾ, ಮರುದಿನ ಮೇಸ್ತ್ರಿ ವಾಪಸ್ ಕಳಿಸ್ತಾನೆ. ಕ್ಯಾಂಪು ನೀವು ಮಾಡೋದೇ ಬುಧವಾರ!"

ಈಗ ಶಾರದಕ್ಕ ಹಟ ಹಿಡಿದು ಕ್ಯಾಂಪನ್ನು ಶನಿವಾರ ಸಂಜೆಗೆ ಹಾಕಿಸಿದ್ದಾರೆ. ಮರುದಿನ ಹೇಗೂ ರಜೆ. ಇಷ್ಟು ತಿಳಿಯಲು ಒಬ್ಬ ಬಸುರಿ ಏದುಸಿರು ಬಿಡಬೇಕಿತ್ತಾ?

ಮುಂದಿನ ಮಹಾಮಾರಿ ಬಂದಾಗ ನಮ್ಮ ಕೈಯಲ್ಲಿ ಫಾರಂ ಇರುತ್ತದೆ, ಸರಿ. ಪಕ್ಕದಲ್ಲಿ ಯಾರು ನಿಂತಿರುತ್ತಾರೆ?