ಹಳೇಬೀಡಿನ ಕೆರೆಯಲ್ಲಿ ಹಾಯಿಹಲಗೆ

ಮೊನ್ನೆ ಅರಸೀಕೆರೆಯ ನಮ್ಮ ಮನೆ ತಾರಸಿಯಲ್ಲಿ ಒದ್ದೆ ದುಪ್ಪಟಿ ಒಣಹಾಕಲು ಹೋಗಿ ನಾನೇ ಹಾರಿಹೋಗುವುದರಲ್ಲಿದ್ದೆ. ಆಷಾಢದ ಗಾಳಿ ದುಪ್ಪಟಿಯೊಳಗೆ ಹೊಕ್ಕು ನನ್ನನ್ನು ನೀರಿನ ಟ್ಯಾಂಕಿನವರೆಗೂ ಎಳೆದೊಯ್ದಿತು. "ಬಿಟ್ಬಿಡ್ರೀ, ಹೋದ್ರೆ ಹೋಗ್ಲಿ" ಎಂದಳು ಹೆಂಡತಿ. ಬಿಟ್ಟೆ. ಗಾಳಿ ಹಿಡಿದ ಬಟ್ಟೆಯನ್ನು ಬಿಟ್ಟರೆ ಫಜೀತಿ ಅಲ್ಲಿಗೇ ಮುಗಿಯುತ್ತದೆ ಎಂದು ನನಗೆ ಕಲಿಸಿದವರು ನನ್ನ ಭಾವ.

ಭಾವನ ಊರು ನಮ್ಮ ಹಳೇಬೀಡಿನ ಹತ್ತಿರದ ಹಗರೆ, ಕೆಲಸ ಕಾರವಾರದ ಬಂದರಿನಲ್ಲಿ. ತೊಂಬತ್ತರ ದಶಕದ ಕೊನೆಗೆ ಅಕ್ಕನನ್ನು ಮದುವೆಯಾದರು. ಒಳ್ಳೇ ಸಂಬಂಧ ಎಂದು ಅಪ್ಪ ಒಪ್ಪಿದ್ದರು. ಅಕ್ಕನನ್ನು ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಭಾವನಿಗೆ ಮಾತು ಅಷ್ಟಕ್ಕಷ್ಟೇ. ಊಟ ಆಯ್ತಾ ಅಂದರೆ ತಲೆ ಆಡಿಸುವ ಪೈಕಿ.

ಆ ವರ್ಷ ಆಷಾಢಕ್ಕೆಂದು ಹಳೇಬೀಡಿನ ತವರಿಗೆ ಬಂದ ಅಕ್ಕ ಒಂದು ಬೆಳಿಗ್ಗೆ ರಾಗಿ ಕೇರುತ್ತಾ, "ಶ್ರಾವಣ ಬಂದ್ರೂ ನಾನು ವಾಪಸ್ ಹೋಗಲ್ಲ ಕಣಮ್ಮ" ಎಂದುಬಿಟ್ಟಳು.

"ಹೊಡೀತಾರಾ?"

"ಇಲ್ಲ. ರಜ ಬಂದ್ರೆ ಒಂದು ಹಲಗೆ ತಗೊಂಡು ಸಮುದ್ರಕ್ಕೆ ಹೋಯ್ತಾರೆ. ನಾನು ಗೋಡೆ ನೋಡ್ಕಂಡು ಕೂತಿರ್ತೀನಿ."

ಜಗಲಿಯಲ್ಲಿದ್ದ ಅಪ್ಪ ಕೇಳಿಸಿಕೊಂಡು ನಿಜಕ್ಕೂ ಹೆದರಿದರು. ಸೀದಾ ಎಸ್‌ಟಿಡಿ ಬೂತಿಗೆ ಹೋಗಿ ಅಳಿಯನಿಗೆ ಫೋನು ಮಾಡಿದರು. ಏನು ಮಾತಾಡಿದರೋ, ನಮಗೆ ಹೇಳಲಿಲ್ಲ.

ಮುಂದಿನ ಭಾನುವಾರ ಎಮ್ಮೆ ಮೇಯಿಸುವವರೊಬ್ಬರು ಬಂದು, "ನಿಮ್ಮ ಅಳಿಯಂದ್ರು ಬಾಗ್ಲು ಹೊತ್ಕಂಡು ಕೆರೆತಾವ ಬಂದವ್ರೆ" ಎಂದರು. ಆಷಾಢದಲ್ಲಿ ಹೊಸ ಅಳಿಯ ಅತ್ತೆಯ ಮನೆ ಹೊಸಿಲು ದಾಟುವಂತಿಲ್ಲವಲ್ಲ, ಅದಕ್ಕೇ ಭಾವ ಲಾರಿಯಲ್ಲಿ ಹಲಗೆ ಹೇರಿಕೊಂಡು ನೆಟ್ಟಗೆ ಕೆರೆಗೇ ಬಂದಿದ್ದರು. "ಕೆರೆ ಏನು ನಮ್ಮನೇನಾ? ಅಲ್ಲಿಗೆ ಬಂದ್ರೆ ತಪ್ಪಿಲ್ಲ" ಎಂದು ಅಮ್ಮ ರೊಟ್ಟಿ ಕಟ್ಟಿಕೊಂಡು ನಮ್ಮೆಲ್ಲರನ್ನೂ ಹೊರಡಿಸಿದಳು. ಶಾಸ್ತ್ರವನ್ನು ಅಮ್ಮನಷ್ಟು ಅನುಕೂಲಕ್ಕೆ ಬಗ್ಗಿಸಿಕೊಳ್ಳುವವರನ್ನು ನಾನು ಕಂಡಿಲ್ಲ.

ಆ ಆಟದ ಹೆಸರು ವಿಂಡ್‌ಸರ್ಫಿಂಗ್. ನೀವು ನೋಡಿರದಿದ್ದರೆ ಹೇಳುತ್ತೇನೆ. ತೇಲುವ ಹಲಗೆ, ಅದರ ನಡುವೆ ಎತ್ತ ಬೇಕಾದರೂ ಬಾಗುವ ಕಂಬ, ಕಂಬಕ್ಕೊಂದು ಹಾಯಿ, ಹಿಡಿಯಲು ಅಡ್ಡಕೋಲು. ಚುಕ್ಕಾಣಿ ಇಲ್ಲ. ನೀರಿಗೆ ಬಿದ್ದ ಹಾಯಿಯನ್ನು ಹಗ್ಗದಿಂದೆತ್ತಿ, ಕೋಲು ಹಿಡಿದು, ಮೈಭಾರ ಹಿಂದಕ್ಕೆ ಬಿಡಬೇಕು. ಕಂಬವನ್ನು ಹಿಂದಕ್ಕೆ ಬಾಗಿಸಿದರೆ ಹಲಗೆ ಗಾಳಿಯತ್ತ ತಿರುಗುತ್ತದೆ, ಮುಂದಕ್ಕೆ ಬಾಗಿಸಿದರೆ ಅದರಿಂದಾಚೆಗೆ. ಗಾಳಿಗೆ ನೇರ ಎದುರಾಗಿ ಬರಲಾಗುವುದಿಲ್ಲ, ಓರೆಓರೆಯಾಗಿ ಬರಬೇಕು. ಗಾಬರಿಯಾದರೆ ಕೈಬಿಟ್ಟರಾಯಿತು. ಇಷ್ಟನ್ನೂ ಭಾವ ಒಂದೇ ಉಸಿರಿಗೆ ಹೇಳಿದರು. ಅವರಿಗೆ ಇಷ್ಟು ಮಾತು ಬರುತ್ತದೆಂದು ಅಕ್ಕನಿಗೂ ಗೊತ್ತಿರಲಿಲ್ಲ.

ಮೊದಲು ನಾನು ಹತ್ತಿದೆ. ನಿಲ್ಲುವ ಮೊದಲೇ ಕೆಸರಿನಲ್ಲಿದ್ದೆ. ಆಮೇಲೆ ಅಕ್ಕ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, "ನಾನು ನೋಡ್ಲಾ?" ಎಂದಳು.

"ಅದಕ್ಕೇ ತಂದಿದ್ದು" ಎಂದರು ಭಾವ, ತಮ್ಮ ತೇಲುಜಾಕೀಟು ಬಿಚ್ಚಿ ಕೊಡುತ್ತಾ.

ಅಕ್ಕ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಕೊನೆಗೊಮ್ಮೆ ನಿಂತಳು ನೋಡಿ, ಗಾಳಿ ಅವಳನ್ನು ಸೀದಾ ಆಚೆ ದಡದತ್ತ ಒಯ್ದುಬಿಟ್ಟಿತು. ಹೋಗುವುದು ಸುಲಭ. ಕಲಿಯುವವರೆಲ್ಲ ಹೀಗೆಯೇ ಹೋಗಿ ಆಚೆ ಸಿಕ್ಕಿಕೊಳ್ಳುತ್ತಾರಂತೆ.

"ಹೋಗಿ ಕರ್ಕಂಡು ಬನ್ನಿ" ಎಂದಳು ಅಮ್ಮ. ಭಾವ ಸೊಂಟದುದ್ದ ನೀರಿಗಿಳಿದವರು ಇದ್ದಕ್ಕಿದ್ದಂತೆ ನಿಂತರು. "ಬರ್ತಾಳೆ" ಎಂದರು. ಅಪ್ಪ ಬೈದರು, ಅಮ್ಮ ಅತ್ತಳು. ಭಾವ ಕದಲಲಿಲ್ಲ. ಅಕ್ಕ ಬಿದ್ದೆದ್ದು ಓರೆಓರೆಯಾಗಿ, ಏರು ಹತ್ತುವ ಭಾರದ ಗಾಡಿಯ ಹಾಗೆ, ಬಿಸಿಲು ಇಳಿಯುವ ಹೊತ್ತಿಗೆ ಈಚೆ ದಡ ಮುಟ್ಟಿದಳು. ಇಬ್ಬರೂ ಏರಿಯ ಮೇಲೆ ಕೂತು ತಣ್ಣನೆ ರೊಟ್ಟಿ ತಿಂದರು. ಶ್ರಾವಣದಲ್ಲಿ ಅವಳು ಯಾರೂ ಹೇಳದೆ ಕಾರವಾರಕ್ಕೆ ಹೊರಟಳು.

ಹೊಸದಾಗಿ ಮದುವೆಯಾದವರು ಸಿಕ್ಕಾಗಲೆಲ್ಲ ನಾನು ಈ ಕಥೆ ಕೊರೆಯುತ್ತೇನೆ, ಹೆಂಡತಿಯ ಮೇಲೆ ಭಾವನಿಗಿದ್ದ ನಂಬಿಕೆ ನೋಡಿ ಎಂದು. ಮೊನ್ನೆ ತಾರಸಿಯಿಂದಿಳಿದು ಅಕ್ಕನಿಗೇ ಫೋನು ಮಾಡಿ ಅದನ್ನೇ ಹೇಳಿದೆ.

"ನಂಬಿಕೆ ಎಲ್ಲಿ ಬಂತು?" ಎಂದು ಅಕ್ಕ ನಕ್ಕಳು. "ಈಜ್ಕಂಡು ಬರಕ್ಕೆ ಹೊರಟೇಬಿಟ್ಟಿದ್ರು. ನಾನೇ ಕೈ ಎತ್ತಿ ಬೇಡ ಅಂದೆ. ನಿಂತ್ರು. ನಾನು ಬೇಡ ಅಂದಿದ್ದನ್ನ ಒಬ್ರು ಕೇಳಿದ್ದು ಅದೇ ಮೊದ್ಲು ಕಣೋ. ಅದಕ್ಕೇ ಶ್ರಾವಣದಲ್ಲಿ ಕಾರವಾರಕ್ಕೆ ಹೊರಟಿದ್ದು."

ಅಕ್ಕ ಕೈ ಎತ್ತಿದ್ದನ್ನು ಅವತ್ತು ದಡದಲ್ಲಿದ್ದ ನಾವೆಲ್ಲರೂ ನೋಡಿದ್ದೆವು. ಕಾಪಾಡಿ ಎಂದು ಕರೆಯುತ್ತಿದ್ದಾಳೆ ಅಂದುಕೊಂಡಿದ್ದೆವು.