ಒಂದೂ ಗಾಜು ಒಡೆಯದ ಮಾಸ್ತರರು

ಮಡಿವಾಳಪ್ಪ ಮಾಸ್ತರರು ಧಾರವಾಡದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪದಾರ್ಥವಿಜ್ಞಾನ ಕಲಿಸುತ್ತಿದ್ದರು. ಈಗ ಭೌತಶಾಸ್ತ್ರ ಎನ್ನುತ್ತೇವಲ್ಲ, ಅದೇ. ೧೯೩೬ರ ಸುಮಾರಿನ ಮಾತು. ಹತ್ತಿರದ ಮುಗದ ಎಂಬ ಹಳ್ಳಿಯ ಒಕ್ಕಲುತನದ ಮನೆಯ ಈ ಹುಡುಗ ಬಿ.ಎಸ್ಸಿ. ಮಾಡಿದ ಮೇಲೆ ತಾಲೂಕಿನ ಮಾಮಲೇದಾರನೇ ಆಗುತ್ತಾನೆಂದು ಊರೆಲ್ಲ ನಂಬಿತ್ತು. ಆದದ್ದು ಮಾಸ್ತರ. ತಾಯಿ ಉಡಚವ್ವ ಬಾವಿಕಟ್ಟೆಯಲ್ಲಿ ಹೆಂಗಸರ ಕೊಂಕು ಕೇಳಿ ಕೇಳಿ ಬೇಸತ್ತು, "ನನ್ನ ಮಗಾ ಏನ್ ಕಡಿಮಿ ಅಲ್ಲವಾ, ಒಂದಿನ ನೋಡೀರಂತ" ಎನ್ನುತ್ತಿದ್ದಳು. ಆ ಒಂದು ದಿನ ಬರಲಿ ಎಂದು ಮಾಸ್ತರರಿಗೂ ಆಸೆಯಿತ್ತು. ಇರಲಿಲ್ಲ ಎಂದರೆ ಸುಳ್ಳಾದೀತು.

ಶಾಲೆಯಲ್ಲಿ ಗಾಜಿನ ಬಾಗಿಲಿನ ಕಪಾಟೊಂದಿತ್ತು. ಮುಂಬಯಿಯಿಂದ ತರಿಸಿದ ಪ್ರಿಜಮ್ಮು, ವಾಯುಪಂಪು, ಭೂತಗನ್ನಡಿ, ಉಷ್ಣಮಾಪಕಗಳೆಲ್ಲ ಅದರೊಳಗೆ ಮದುಮಕ್ಕಳ ಹಾಗೆ ಮುಟ್ಟಿಸಿಕೊಳ್ಳದೆ ಕೂತಿರುತ್ತಿದ್ದವು. ಏನೇ ಒಡೆದರೂ ಅದರ ಬೆಲೆಯನ್ನು ಕಲಿಸುವವರ ಪಗಾರದಲ್ಲಿ ಮುರಿದುಕೊಳ್ಳುವುದು ಅಲ್ಲಿಯ ಪದ್ಧತಿ. ಹೀಗಾಗಿ ಮಾಸ್ತರರು ಪ್ರತಿ ಶನಿವಾರ ಕಪಾಟು ತೆಗೆದು ಧೂಳು ಒರೆಸಿ ಮತ್ತೆ ಬೀಗ ಹಾಕುತ್ತಿದ್ದರು. ಪಾಠವೆಲ್ಲ ಮನೆಯ ತಂಬಿಗೆ, ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳ ಮೇಲೆಯೇ ನಡೆಯುತ್ತಿತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಬೆಳಕಿನ ಪಾಠ ಬಂದಾಗ ಮಾತ್ರ ಅವರು ಏಳು ಬಣ್ಣಗಳನ್ನು ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು.

ಒಮ್ಮೆ ಒಬ್ಬ ಹುಡುಗ ಕಪಾಟಿನ ಕಡೆ ಕೈ ಮಾಡಿ, "ಸರ್, ಪ್ರಿಜಮ್ ಅಲ್ಲೇ ಐತೆಲ್ರಿ, ತಗದ ತೋರಸ್ರಲ್ಲ" ಎಂದ.

"ಒಡದ್ರ?" ಎಂದರು ಮಾಸ್ತರರು. ಹುಡುಗ ಚಾಚಿದ ಕೈ ಇಳಿಸಿದ. ಆದರೆ ತಮ್ಮ ಬಾಯಿಂದ ಬಂದ ಆ ಮಾತು ಅವರಿಗೆ ಎಷ್ಟೋ ದಿನ ಚುಚ್ಚುತ್ತಿತ್ತು.

ಆ ವರ್ಷ ಆಡಳಿತ ಮಂಡಳಿಯವರು ವಿಜ್ಞಾನದ ಉತ್ತಮ ಶಿಕ್ಷಕರೊಬ್ಬರಿಗೆ ಶಾಲು, ಬೆಳ್ಳಿಯ ಪದಕ ಕೊಡುವುದೆಂದು ಠರಾವು ಮಾಡಿದರು. ಆರಿಸುವ ಕೆಲಸ ಅಧ್ಯಕ್ಷರಾದ ವಕೀಲ ರಮಾಕಾಂತರಾಯರ ಪಾಲಿಗೆ ಬಂತು. ಮಂಡಳಿಯ ಶಾಲೆಗಳನ್ನೆಲ್ಲ ಸುತ್ತಿ, ಮುರುಕು ಉಪಕರಣಗಳನ್ನು ಕಂಡು ಸಾಕಾಗಿದ್ದ ರಾಯರು ಮಡಿವಾಳಪ್ಪನವರ ಕಪಾಟಿನ ಮುಂದೆ ನಿಂತುಬಿಟ್ಟರು, ದೇವರನ್ನು ಕಂಡವರಂತೆ ಕೈ ಜೋಡಿಸುವುದೊಂದು ಬಾಕಿ. ಪಾಠ ಕೇಳಲು ಅವರಿಗೆ ಪುರುಸೊತ್ತಾಗಲಿಲ್ಲ. ಪದಕ ಯಾರಿಗೆಂದು ಅಲ್ಲೇ ತೀರ್ಮಾನವಾಯಿತು.

ಸುದ್ದಿ ಕೇಳಿ ಮಾಸ್ತರರು ಹಿಗ್ಗಿದರು. ಯಾಕೆ ಕೊಟ್ಟರು ಎಂದು ಕೇಳುವ ಗೋಜಿಗೇ ಹೋಗದೆ ತಾಯಿಗೆ ಹೇಳಿಕಳಿಸಿದರು. ಉಡಚವ್ವ ಇಳಕಲ್ ಸೀರೆ ಉಟ್ಟು, ಮುಗದದಿಂದ ರೈಲು ಹತ್ತಿ ಬಂದು ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತಳು.

ರಾಯರು ಎದ್ದು ನಿಂತು ಹೇಳಿದರು: "ಹನ್ನೆರಡು ವರ್ಷದಾಗ ಒಂದ ಗಾಜು ಒಡದಿಲ್ಲ ನೋಡ್ರಿ. ಇಂಥಾ ಶಿಕ್ಷಕರು ಎಲ್ಲಿ ಸಿಗತಾರ?"

ಚಪ್ಪಾಳೆ ಬಿತ್ತು. ಜಮಖಾನೆಯ ಮೇಲಿದ್ದ ಹುಡುಗರೂ ತಟ್ಟಿದರು, ಆದರೆ ಮಾಸ್ತರರ ಮುಖ ನೋಡದೆ ತಟ್ಟಿದರು. ಅದನ್ನು ಕಂಡ ಕ್ಷಣ ಮಾಸ್ತರರ ಹಿಗ್ಗೆಲ್ಲ ಇಳಿದುಹೋಯಿತು. ಕಲಿಸಿದ್ದಕ್ಕೆ ಸಿಕ್ಕಿತೆಂದು ತಿಳಿದದ್ದು ಕಲಿಸದೆ ಇದ್ದದ್ದಕ್ಕೆ ಸಿಕ್ಕಿತ್ತು. ನಾಚಿಕೆಯಿಂದ ಅವರ ಕಿವಿ ಬಿಸಿಯಾದವು. ಶಾಲು ಹಿಡಿದು ಬಂದ ರಾಯರ ಮುಂದೆ ಅವರು ತಲೆ ಬಗ್ಗಿಸಲಿಲ್ಲ.

"ರಾಯರ, ಒಡದಿಲ್ಲ, ಖರೇ. ಯಾರಿಗೂ ಮುಟ್ಟಗೊಟ್ಟಿಲ್ಲರಿ ನಾ. ಈ ಶಾಲು ನನಗ ಬ್ಯಾಡ, ಆ ಕಪಾಟಿಗೇ ಹೊದಸ್ರಿ."

ರಾಯರ ಮುಖ ಕೆಂಪಡರಿತು. ಪದಕ ಡಬ್ಬಿಯೊಳಗೇ ಉಳಿಯಿತು.

ಉಡಚವ್ವ ಮಗನಿಗಿಂತ ಮುಂದೆ ಮುಂದೆ ನಡೆದು ಸ್ಟೇಶನ್ನು ಮುಟ್ಟಿದಳು. ಗಾಡಿ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಂದ ತಾಸು ಸುಮ್ನ ನಿಲ್ಲಾಕ ಆಗಲಿಲ್ಲೇನೋ ನಿನಗ? ಊರಾಗ ಎಲ್ಲಾರಿಗೂ ಹೇಳಿ ಬಂದೇನಿ. ಈಗ ಯಾವ ಮಾರಿ ಹೊತ್ಗೊಂಡ ಹೋಗ್ಲಿ?" ಎಂದಳು. ತಾಯಿಯ ಆ ದಿನವನ್ನು ತಾನೇ ಕೈಯಾರೆ ಕೆಡಿಸಿದೆನಲ್ಲ ಎಂಬ ಸಂಕಟ ಮಾಸ್ತರರಿಗೆ ಉಳಿಯಿತು.

ಸೋಮವಾರ ಅವರು ಕಪಾಟು ತೆಗೆದು ಪ್ರಿಜಮ್ಮನ್ನು ಮೊದಲ ಬೆಂಚಿನವನ ಕೈಗಿಟ್ಟರು. ಕಿಟಕಿಯ ಬಿಸಿಲು ಗೋಡೆಯ ಮೇಲೆ ಏಳು ಬಣ್ಣವಾಗಿ ಬಿದ್ದಾಗ ಹುಡುಗರು ಬೆಂಚು ಹತ್ತಿ ಕೂಗಾಡಿದರು. ಪಕ್ಕದ ಕೋಣೆಯಿಂದ ಸಂಸ್ಕೃತದ ಶಾಸ್ತ್ರಿಗಳು ಗಾಬರಿಯಾಗಿ ಓಡಿಬಂದರು, ಬಂದವರು ತಾವೂ ಒಂದು ಸಲ ಪ್ರಿಜಮ್ಮು ಹಿಡಿದು ನೋಡಿಯೇ ಹೋದರು. ದೀಪಾವಳಿಯ ಹೊತ್ತಿಗೆ ಭೂತಗನ್ನಡಿ ಕೆಳಗೆ ಬಿದ್ದು ಹೋಳಾಯಿತು, ಆಮೇಲೆ ವಾಯುಪಂಪಿನ ಗಾಜು, ಉಷ್ಣಮಾಪಕ. ಪಗಾರದಲ್ಲಿ ಮುರಿದುಕೊಂಡರು. ಮಾಸ್ತರರಿಗೆ ಕಷ್ಟವಾಯಿತು, ಗೊಣಗಿದರು ಕೂಡ, ಆದರೆ ಬೀಗ ಹಾಕಲಿಲ್ಲ.

ಬೇಸಿಗೆ ಸೂಟಿಗೆ ಮುಗದಕ್ಕೆ ಹೋದರು. ವರ್ಷವಿಡೀ ಮುನಿಸಿಕೊಂಡಿದ್ದ ತಾಯಿ ರೊಟ್ಟಿ ಬಡಿಯುತ್ತಲೇ, ತಿರುಗಿ ನೋಡದೆ ಕೇಳಿದಳು: "ಈ ಸಲ ಶಾಲಿ ತಪಾಸಣಿಗೆ ಬಂದ ಸಾಹೇಬ್ರು ಏನಂತ ಬರದಾರ ನಿನ್ನ ಬಗ್ಗೆ?"

"ಮೂರು ಸಾಮಾನು ಒಡಸ್ಯಾನ, ಕಾಳಜಿ ಇಲ್ಲದ ಮಾಸ್ತರ ಅಂತ ಬರದಾರವ್ವಾ."

ಉಡಚವ್ವನ ಕೈ ನಿಂತಿತು. "ಹುಡುಗೂರ ಕೈಗೆ ಗಾಜು ಚುಚ್ಚಲಿಲ್ಲ ಹೌದಿಲ್ಲೋ?"

"ಇಲ್ಲವ್ವಾ."

"ಕಲತಾವೇನು?"

"ಕಲತಾವು."

ಅವಳು ಬಿಸಿ ರೊಟ್ಟಿಯೊಂದನ್ನು ಹಂಚಿನಿಂದ ತೆಗೆದು, ಮೇಲೆ ಬೆಣ್ಣೆ ಹಾಕಿ, "ಕೈ ತೊಳ್ಕೊಂಡ ಬಾ, ಆರತದ" ಎಂದಳು.